ಎರಡನೆಯ ಆಲ್ಬಮ್: ಮಲೆನಾಡಿನ ರಾಕ್ ಬ್ಯಾಂಡಿಗೊಂದು ಕೈಪಿಡಿ

ಮೊದಲ ಆಲ್ಬಮ್‌ನಲ್ಲಿರುವ ಹಾಡುಗಳು ಸಾಮಾನ್ಯವಾಗಿ ಆಲ್ಬಮ್ಮಿಗೆಂದೇ ಹುಟ್ಟಿದವಾಗಿರುವುದಿಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಒಂದೊಂದಾಗಿ ಕೂಡಿಬಂದು, ಕಾಲೇಜು ಉತ್ಸವಗಳಲ್ಲೂ ಗಣಪತಿ ಪೆಂಡಾಲುಗಳಲ್ಲೂ ನುಡಿಸಿ ನುಡಿಸಿ ಹದಗೊಂಡ ಹಾಡುಗಳಲ್ಲಿ ಒಳ್ಳೆಯವನ್ನು ಆರಿಸಿಕೊಂಡರೆ ಮೊದಲನೆಯದು ತಾನಾಗಿಯೇ ಆಗಿಬಿಡುತ್ತದೆ. ಎರಡನೆಯದಕ್ಕೆ ಕೈಹಾಕುವ ಹೊತ್ತಿಗೆ ಆ ಸಂಗ್ರಹ ಖಾಲಿಯಾಗಿರುತ್ತದೆ, ಡ್ರಮ್ಮರ್ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಬೇಸ್ ನುಡಿಸುವವನಿಗೆ ತೋಟದ ಜವಾಬ್ದಾರಿ ಬಂದಿರುತ್ತದೆ. ಇತ್ತ ಮೊದಲನೆಯದನ್ನು ಮೆಚ್ಚಿದವರು ಮುಂದಿನದು ಯಾವಾಗ ಎಂದು ಕೇಳತೊಡಗಿರುತ್ತಾರೆ. ಹೀಗಾಗಿ ಎರಡನೆಯ ಆಲ್ಬಮ್‌ನ ಮುಖ್ಯ ಕೆಲಸವೆಂದರೆ ಕಾಲವನ್ನು ಹೊಂದಿಸಿಕೊಳ್ಳುವುದು. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರಿಗೆ ಆ ಕಾಲವನ್ನು ನಿಗದಿಪಡಿಸುವ ಎರಡು ಸಂಗತಿಗಳು ಮಳೆ ಮತ್ತು ಅಡಿಕೆ ಸುಗ್ಗಿ.

ವರ್ಷವನ್ನು ಹಿಂದಿನಿಂದ ಎಣಿಸುವುದು

ಬಿಡುಗಡೆಯ ದಿನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಗೆ ಫೆಬ್ರವರಿಯ ಮೊದಲ ಹದಿನೈದು ದಿನಗಳಿಗಿಂತ ಒಳ್ಳೆಯ ಕಾಲವಿಲ್ಲ. ಆಗ ಮಳೆಯ ಭಯವಿಲ್ಲದೆ ಬಯಲಿನಲ್ಲಿ ವೇದಿಕೆ ಹಾಕಬಹುದು, ಪಿಯುಸಿ ಪರೀಕ್ಷೆಗಳು ಇನ್ನೂ ಎದುರಾಗಿರುವುದಿಲ್ಲ, ಮಾರ್ಚ್ ಕೊನೆಯಿಂದ ಎಲ್ಲರ ಸಂಜೆಗಳನ್ನೂ ಕಸಿದುಕೊಳ್ಳುವ ಐಪಿಎಲ್ ಶುರುವಾಗಿರುವುದಿಲ್ಲ. ಏಪ್ರಿಲ್ ಬಂತೆಂದರೆ ಸಂಜೆಯ ಗುಡುಗುಮಳೆ, ಜೂನ್ ನಂತರ ಕಾರ್ಯಕ್ರಮದ ಮಾತೇ ಇಲ್ಲ. ಫೆಬ್ರವರಿಗೆ ಆಲ್ಬಮ್ ಬರಬೇಕಾದರೆ ಮೊದಲ ಒಂಟಿ ಹಾಡು (ಸಿಂಗಲ್) ಜನವರಿಯ ಆರಂಭದಲ್ಲಿ ಹೊರಬರಬೇಕು, ಮಾಸ್ಟರಿಂಗ್, ಎಂದರೆ ಬಿಡುಗಡೆಗೆ ಮುನ್ನಿನ ಅಂತಿಮ ಹದ, ಡಿಸೆಂಬರ್ ನಡುವಿನಲ್ಲಿ ಮುಗಿಯಬೇಕು, ಅದಕ್ಕೆ ಮುಂಚೆ ಎಲ್ಲ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಕನಿಷ್ಠ ಮೂರು ವಾರ ಬೇಕು. ಎಂದರೆ ಧ್ವನಿಮುದ್ರಣವು ನವೆಂಬರಿನ ಮೂರನೆಯ ವಾರದೊಳಗೆ ಮುಗಿದಿರಬೇಕು.

ನವೆಂಬರಿಗಿಂತ ಮುಂಚೆ ಮಾಡಬಹುದಲ್ಲವೇ ಎಂದರೆ, ಹೆಂಚಿನ ಮನೆಯಲ್ಲಿ ಆಗದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೇರೆಡೆ ಅಷ್ಟಿಲ್ಲದಿದ್ದರೂ ಆರಿದ್ರಾದಿಂದ ಮಘೆಯವರೆಗಿನ ಮಳೆಯಲ್ಲಿ ಮಾಡಿನ ಸದ್ದು ಎಲ್ಲ ಮೈಕುಗಳಲ್ಲೂ ಸೇರಿಕೊಳ್ಳುತ್ತದೆ. ಮಳೆ ಇಳಿದ ಮೇಲೂ ಜೀರುಂಡೆಗಳಿವೆ, ದೀಪಾವಳಿಯ ಪಟಾಕಿಗಳಿವೆ. ಆದ್ದರಿಂದ ದೀಪಾವಳಿ ಮುಗಿದ ಮರುವಾರದಿಂದ ಕೆಲಸ ಆರಂಭಿಸಬೇಕು. ಆದರೆ ಅದೇ ಹೊತ್ತಿಗೆ ಹಲವು ಊರುಗಳಲ್ಲಿ ಅಡಿಕೆ ಗೊನೆಗಳ ಕೊಯ್ಲು ಆರಂಭವಾಗಿ, ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಿರುತ್ತದೆ. ಧ್ವನಿಮುದ್ರಣಕ್ಕೆ ಯಾರ ಮನೆಯನ್ನು ಬಳಸುತ್ತೀರೋ ಅವರ ಮನೆಯ ಹಿರಿಯರನ್ನು ಆಗಸ್ಟಿನಲ್ಲಿಯೇ ಕೇಳಿ, ಗೊನೆ ಇಳಿಸುವ ಕೊನೆಗಾರ ಬರುವ ದಿನವನ್ನು ಅಂದಾಜಿಗಾದರೂ ತಿಳಿದುಕೊಂಡು, ಆ ಮನೆಯಲ್ಲಿ ಖಾಲಿಯಿರುವ ಹತ್ತು ಹನ್ನೆರಡು ದಿನಗಳನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲಿರುವ ಸದಸ್ಯರು ಆ ದಿನಗಳಿಗೆ ರಜೆ ಕೇಳಬೇಕಾದ್ದರಿಂದ ಈ ವಿಚಾರವನ್ನು ಕೊನೆಯ ಗಳಿಗೆಗೆ ಬಿಡುವಂತಿಲ್ಲ.

ಮಳೆಗಾಲದ ಬರವಣಿಗೆ

ಹೀಗೆ ಎಣಿಸಿದಾಗ ಹಾಡು ಕಟ್ಟಲು ಉಳಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ಕಾಲ. ಹೊರಗಿನ ಕಾರ್ಯಕ್ರಮಗಳು ಹೇಗೂ ಇರುವುದಿಲ್ಲವಾದ್ದರಿಂದ ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲವೂ ಹೌದು. ಹದಿನೈದು ಹಾಡಿನ ಎಳೆಗಳನ್ನು ಶುರುಮಾಡಿ ಎಂಟನ್ನು ಉಳಿಸಿಕೊಳ್ಳುವುದು ಸರಿಯಾದ ಪ್ರಮಾಣ. ಹನ್ನೆರಡು ಹಾಡುಗಳ ಆಲ್ಬಮ್ ಮಾಡಲೇಬೇಕೆಂಬ ಹಟಕ್ಕೆ ಬಿದ್ದ ಬ್ಯಾಂಡುಗಳು ಕೊನೆಯ ನಾಲ್ಕನ್ನು ಕಾಟಾಚಾರಕ್ಕೆ ತುಂಬುತ್ತವೆ, ಕೇಳುಗರಿಗೆ ಅದು ತಿಳಿಯದೆ ಇರುವುದಿಲ್ಲ.

ಕನ್ನಡದಲ್ಲಿ ರಾಕ್ ಬರೆಯುವವರು ಹೆಚ್ಚಾಗಿ ಎಡವುವುದು ರಾಗದಲ್ಲಲ್ಲ, ಮಾತ್ರೆಯಲ್ಲಿ. ಮೊದಲು ಗಿಟಾರಿನ ರಿಫ್ (ಮರುಕಳಿಸುವ ಸ್ವರಗುಚ್ಛ) ಕಟ್ಟಿಕೊಂಡು, ಅದರ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಉಲಿಗಳನ್ನು ಹಾಡಿ, ಅನಂತರ ಅಲ್ಲಿಗೆ ಕನ್ನಡದ ಪದಗಳನ್ನು ತುರುಕುವ ಕ್ರಮದಿಂದ ಹ್ರಸ್ವವು ದೀರ್ಘವಾಗಿ, ದೀರ್ಘವು ಹ್ರಸ್ವವಾಗಿ, ಸಾಲು ಕನ್ನಡದ್ದೇ ಆದರೂ ಕಿವಿಗೆ ಕನ್ನಡವೆನಿಸದೆ ಹೋಗುತ್ತದೆ. ಇದಕ್ಕೆ ಪರಿಹಾರ ಶಾಲೆಯಲ್ಲಿ ಕಲಿತ ಲಘು ಗುರುಗಳಲ್ಲೇ ಇದೆ. ಒಂದು ಮಾತ್ರೆಯನ್ನು ಅರ್ಧ ಬೀಟ್ ಎಂದು ಹಿಡಿಯಿರಿ. ‘ಹಳ್ಳದ ದಂಡೆಗೆ’ ಎಂಬಲ್ಲಿ ನಾಲ್ಕು ಮಾತ್ರೆಯ ಎರಡು ಗಣಗಳಿವೆ. ಒಟ್ಟು ಎಂಟು ಮಾತ್ರೆ, ಎಂದರೆ ನಾಲ್ಕು ಬೀಟಿನ ಒಂದು ಬಾರ್ (ತಾಳದ ಒಂದು ಸುತ್ತು) ಸರಿಯಾಗಿ ತುಂಬುತ್ತದೆ, ಎರಡು ಗುರುಗಳೂ ಒಂದನೆಯ ಮತ್ತು ಮೂರನೆಯ ಬೀಟಿನ ಮೇಲೆ ಬಂದು ಕೂರುತ್ತವೆ. ಅಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಹೊಡೆದರೆ ಸಾಲಿಗೆ ತಾನಾಗಿ ಬಲ ಬರುತ್ತದೆ. ‘ಮಳೆಗಾಲ ಮುಗಿದಾಗ’ ಎಂಬುದು ಐದೈದು ಮಾತ್ರೆಯದು. ಅದನ್ನು ನಾಲ್ಕು ಬೀಟಿನ ಬಾರಿಗೆ ಅಮುಕಿದರೆ ಪದ ಜಜ್ಜಿಹೋಗುತ್ತದೆ, ಐದು ಬೀಟಿನ ಬಾರಿನಲ್ಲಿಟ್ಟರೆ ಒಂದು ಅಕ್ಷರವನ್ನೂ ಎಳೆಯದೆ ಹಾಡಬಹುದು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಓಟವು ಏಳರ ಲೆಕ್ಕದ್ದು. ಪಾಶ್ಚಾತ್ಯ ಬ್ಯಾಂಡುಗಳಿಂದ ಕಲಿತೆವೆಂದುಕೊಳ್ಳುವ ಏಳರ ತಾಳವನ್ನು ನಮ್ಮ ಗಮಕಿಗಳ ಬಾಯಲ್ಲಿ, ತಾಳಮದ್ದಳೆಯ ಭಾಗವತರ ಪದ್ಯಗಳಲ್ಲಿ ಚಿಕ್ಕಂದಿನಿಂದ ಕೇಳಿದವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಇನ್ನೊಂದು ತೊಡಕು ಪದಾಂತ್ಯದ್ದು. ಕನ್ನಡದ ಬಹುಪಾಲು ಪದಗಳು ಸ್ವರದಲ್ಲಿ ಮುಗಿಯುವುದರಿಂದ, ಗಿಟಾರು ಥಟ್ಟನೆ ನಿಂತಾಗ ದನಿಯೂ ಥಟ್ಟನೆ ನಿಲ್ಲುವುದು ಕಷ್ಟ. ಅಂಥ ನಿಲುಗಡೆಗಳಲ್ಲಿ ಒತ್ತಕ್ಷರವಿರುವ ಪದವನ್ನಿಟ್ಟು, ಒತ್ತಿನ ಮೇಲೆಯೇ ಸ್ನೇರ್ ಡ್ರಮ್ಮಿನ ಏಟು ಬೀಳುವಂತೆ ಜೋಡಿಸಿದರೆ, ‘ಕತ್ತಲು’ ಎನ್ನುವಾಗ ತಕಾರದಲ್ಲಿ ಉಸಿರು ತಾನಾಗಿ ತಡೆದು ನಿಲ್ಲುವ ಆ ಕ್ಷಣವೇ ನಿಮಗೆ ಬೇಕಾದ ಕಡಿತವಾಗುತ್ತದೆ. ಳಕಾರ ಣಕಾರಗಳನ್ನು ಲಕಾರ ನಕಾರಗಳಾಗಿ ಹಾಡುವ ಷೋಕಿಯನ್ನಂತೂ ಮೊದಲ ಆಲ್ಬಮ್‌ನೊಂದಿಗೇ ಬಿಟ್ಟುಬಿಡಬೇಕು.

ಪ್ರತಿ ಹಾಡಿಗೂ ಫೋನಿನಲ್ಲಾದರೂ ಒಂದು ಡೆಮೊ ಮಾಡಿಟ್ಟು, ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ಕೂತು ಕೇಳಿ, ವೇಗವನ್ನು ನಿಮಿಷಕ್ಕೆ ಇಷ್ಟು ಬೀಟ್ ಎಂದು ಬರೆದಿಡಿ. ಸ್ಟುಡಿಯೋದಲ್ಲಿ ಹಾಡಿನ ವೇಗದ ಬಗ್ಗೆ ವಾದಿಸುವುದು ದುಬಾರಿ.

ಪಾಲು ಮತ್ತು ಹಕ್ಕು

ಹಾಡುಗಳು ಆಯ್ಕೆಯಾದ ದಿನವೇ ಒಂದು ಹಾಳೆಯಲ್ಲಿ ಪ್ರತಿ ಹಾಡಿನ ಸಾಹಿತ್ಯ ಯಾರದು, ಸಂಗೀತ ಯಾರದು, ಎಷ್ಟೆಷ್ಟು ಪಾಲು ಎಂದು ಬರೆದು ಎಲ್ಲರೂ ಸಹಿ ಹಾಕಬೇಕು. ಸ್ನೇಹಿತರ ನಡುವೆ ಕಾಗದವೇಕೆ ಎಂಬ ಸಂಕೋಚ ಸಹಜ, ಆದರೆ ಹಣ ಬಂದ ಮೇಲೆ ಬರೆಯುವ ಕಾಗದಕ್ಕಿಂತ ಹಣ ಬರುವ ಮುನ್ನ ಬರೆದದ್ದು ಸುಲಭ. ಇಲ್ಲಿ ಎರಡು ಬೇರೆಬೇರೆ ಆಸ್ತಿಗಳಿವೆ ಎಂಬುದನ್ನು ತಿಳಿದಿರಬೇಕು: ಸಾಹಿತ್ಯ ಸಂಗೀತಗಳು ಸೇರಿದ ಹಾಡು ಒಂದು, ಅದರ ಧ್ವನಿಮುದ್ರಿಕೆ ಇನ್ನೊಂದು. ಧ್ವನಿಮುದ್ರಿಕೆಯ ಹಕ್ಕು ಕಾನೂನಿನಂತೆ ಅದನ್ನು ತಯಾರಿಸುವ ಹೊಣೆ ಹೊತ್ತ ನಿರ್ಮಾಪಕನಿಗೆ ಸೇರುತ್ತದೆ. ಖರ್ಚನ್ನು ನಾಲ್ವರೂ ಹಾಕಿಕೊಂಡಿದ್ದರೆ ನಾಲ್ವರೂ ನಿರ್ಮಾಪಕರೆಂದು ಬರೆದುಕೊಳ್ಳಿ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಗೀತರಚನಕಾರ ಮತ್ತು ಸಂಗೀತ ಸಂಯೋಜಕರ ರಾಯಧನದ ಹಕ್ಕನ್ನು ಯಾವ ಕಂಪನಿಯೂ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಆ ರಾಯಧನ ಕೈಗೆ ಬರಬೇಕಾದರೆ ಹಾಡು ಬರೆದವರು ಅದನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡುಗಳನ್ನು ಅಲ್ಲಿ ನೋಂದಾಯಿಸಬೇಕು. ಹಾಡುಗಳನ್ನು ಸ್ಪಾಟಿಫೈಯಂಥ ತಾಣಗಳಿಗೆ ತಲುಪಿಸುವ ಸ್ಟ್ರೀಮಿಂಗ್ ವಿತರಕರು ಕೊಡುವುದು ಧ್ವನಿಮುದ್ರಿಕೆಯ ಪಾಲನ್ನು ಮಾತ್ರ. ಬಹಳಷ್ಟು ಯುವ ಬ್ಯಾಂಡುಗಳು ಹಾಡು ಬರೆದವರಿಗೆ ಸಲ್ಲುವ ಪಾಲನ್ನು ಕೇಳುವುದೇ ಇಲ್ಲ.

ನಮ್ಮ ಕಡೆಯ ಬ್ಯಾಂಡುಗಳಿಗೆ ಹಳೆಯ ಸಾಹಿತ್ಯವನ್ನು ರಾಕ್ ಮಾಡುವ ಆಸೆ ಇದ್ದೇ ಇರುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮನ ಬಳ್ಳಿಗಾವಿಯೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ; ಹನ್ನೆರಡನೆಯ ಶತಮಾನದ ವಚನಗಳಿಗೆ ಹಕ್ಕುಸ್ವಾಮ್ಯದ ತಡೆಯಿಲ್ಲ. ಆದರೆ ಈಚಿನ ಗಾಯಕರೊಬ್ಬರು ಹಾಕಿದ ಧಾಟಿಯನ್ನು ಎತ್ತಿಕೊಂಡರೆ ಆ ಧಾಟಿಗೆ ಹಕ್ಕಿರುತ್ತದೆ, ವಚನಕ್ಕೆ ಇಲ್ಲದಿದ್ದರೂ. ಭಾರತದಲ್ಲಿ ಸಾಹಿತ್ಯದ ಹಕ್ಕು ಲೇಖಕರ ಮರಣದ ಮರುವರ್ಷದಿಂದ 60 ವರ್ಷ ಇರುವುದರಿಂದ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಲಿಖಿತ ಅನುಮತಿ ಬೇಕು. ಕುಪ್ಪಳಿ ನಮ್ಮದೇ ಎಂಬ ಅಭಿಮಾನ ಅನುಮತಿಯಾಗದು. ದೀಪಾವಳಿಯಲ್ಲಿ ಮನೆಮನೆಗೆ ದೀಪ ತಂದು ಹಾಡುವ ಅಂಟಿಗೆ ಪಂಟಿಗೆಯವರ ಪದಗಳನ್ನು ಬಳಸುವಾಗ ಕಾನೂನಿನ ತೊಡಕು ಕಡಿಮೆ. ಆದರೂ ಹಾಡಿಕೊಟ್ಟವರ ಹೆಸರನ್ನು ಹಾಕಿ, ಅವರ ದನಿಯನ್ನೇ ಬಳಸಿದರೆ ಒಪ್ಪಿಗೆ ಪಡೆದು ಸಂಭಾವನೆ ಕೊಡುವುದು ಮರ್ಯಾದೆ.

ಮನೆಯಲ್ಲೇ ಧ್ವನಿಮುದ್ರಣ

ಇಡೀ ಆಲ್ಬಮ್ಮನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಮಾಡುವಷ್ಟು ಹಣವಿದ್ದರೆ ಸಂತೋಷ. ಇಲ್ಲದಿದ್ದರೆ, ಇರುವ ಹಣವನ್ನು ಒಳ್ಳೆಯ ಮಿಕ್ಸಿಂಗ್ ಎಂಜಿನಿಯರಿಗೆ ಉಳಿಸಿಕೊಂಡು, ಧ್ವನಿಮುದ್ರಣವನ್ನು ಊರಿನಲ್ಲೇ ಮಾಡಿಕೊಳ್ಳಬಹುದು. ಮಲೆನಾಡಿನ ಹಳೆಯ ಮನೆಗಳು ಇದಕ್ಕೆ ಅನುಕೂಲವಾಗಿಯೇ ಇವೆ. ಮರದ ಮುಚ್ಚಿಗೆಯ, ದಪ್ಪ ಮಣ್ಣಿನ ಗೋಡೆಯ ಪಡಸಾಲೆಯಲ್ಲಿ ಡ್ರಮ್ಸ್ ಬಾರಿಸಿದರೆ ತಾರಸಿ ಮನೆಯ ಕೋಣೆಯಲ್ಲಿ ಕೇಳಿಸುವ ಕರ್ಕಶ ಮಾರ್ದನಿ ಇರುವುದಿಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಹತ್ತಿ ಹಾಸಿಗೆಗಳನ್ನು ನಿಲ್ಲಿಸಿ, ದಪ್ಪ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿಟ್ಟರೆ ನಿಜಕ್ಕೂ ಕೆಲಸವಾಗುತ್ತದೆ.

ಎಂಟು ಮೈಕುಗಳಿಲ್ಲದಿದ್ದರೆ ನಾಲ್ಕರಲ್ಲಿ ಡ್ರಮ್ಸ್ ಹಿಡಿಯಬಹುದು: ಕಿಕ್ಕಿಗೆ ಒಂದು, ಸ್ನೇರಿಗೆ ಒಂದು, ಮೇಲಿನಿಂದ ಎರಡು. ಮೇಲಿನ ಎರಡು ಮೈಕುಗಳೂ ಸ್ನೇರಿನ ನಡುಭಾಗದಿಂದ ಸಮದೂರದಲ್ಲಿರುವಂತೆ ದಾರ ಹಿಡಿದು ಅಳೆಯಬೇಕು. ಒಂದು ಹತ್ತಿರ ಒಂದು ದೂರವಾದರೆ ಒಂದೇ ಏಟು ಎರಡು ಕ್ಷಣಗಳಲ್ಲಿ ದಾಖಲಾಗಿ, ಎರಡನ್ನೂ ಸೇರಿಸಿದಾಗ ಸ್ನೇರಿನ ಗಟ್ಟಿತನ ಸೋರಿಹೋಗುತ್ತದೆ, ಆಮೇಲೆ ಯಾವ ಎಂಜಿನಿಯರೂ ಅದನ್ನು ಪೂರ್ತಿಯಾಗಿ ಮರಳಿ ತರಲಾರ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿ. ಅತಿ ಜೋರಿನ ಏಟು ಮೈನಸ್ ಹತ್ತು ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಂಡರೆ ಸಾಕು, ಕೆಂಪು ದೀಪದವರೆಗೆ ಏರಿಸುವ ಅಗತ್ಯವಿಲ್ಲ. ಗಿಟಾರನ್ನು ಆಂಪ್ಲಿಫೈಯರಿನ ಮುಂದೆ ಮೈಕ್ ಇಟ್ಟು ಹಿಡಿಯುವಾಗಲೇ, ಗಿಟಾರನ್ನು ಮೈಕಿಲ್ಲದೆ ನೇರವಾಗಿ ಜೋಡಿಸುವ ಡಿಐ ಪೆಟ್ಟಿಗೆಯ ಮೂಲಕ ಶುದ್ಧ ತಂತಿಯ ದನಿಯನ್ನೂ ಇನ್ನೊಂದು ಟ್ರ್ಯಾಕಿನಲ್ಲಿ ದಾಖಲಿಸಿ. ಮಿಕ್ಸಿಂಗಿನಲ್ಲಿ ಆಂಪ್ ದನಿ ಹಿಡಿಸದಿದ್ದರೆ ಆ ಶುದ್ಧ ಟ್ರ್ಯಾಕನ್ನು ಬೇರೆ ಆಂಪಿಗೆ ಕೊಟ್ಟು ಹೊಸ ದನಿ ಪಡೆಯಬಹುದು, ಗಿಟಾರಿಸ್ಟನನ್ನು ಮತ್ತೆ ಬೆಂಗಳೂರಿನಿಂದ ಕರೆಸಬೇಕಾಗಿಲ್ಲ.

ಡೊಳ್ಳು ಬಳಸುವ ಯೋಚನೆಯಿದ್ದರೆ ಅದನ್ನು ಒಳಗೆ ತರಬೇಡಿ. ಅಂಗಳದಲ್ಲಿ ಬಾರಿಸಿ, ಮೈಕನ್ನು ಒಂದೂವರೆ ಎರಡು ಮೀಟರ್ ದೂರದಲ್ಲಿಟ್ಟರೆ ಚರ್ಮದ ಏಟೂ ಹೊಟ್ಟೆಯ ಗುಮ್ಮೆನ್ನುವಿಕೆಯೂ ಒಟ್ಟಿಗೆ ಸಿಗುತ್ತವೆ. ಡೊಳ್ಳು, ಕಿಕ್ ಡ್ರಮ್ ಮತ್ತು ಬೇಸ್ ಗಿಟಾರ್ ಮೂರೂ ನೂರು ಹರ್ಟ್ಸ್‌ಗಿಂತ ಕೆಳಗಿನ ಅದೇ ಇಕ್ಕಟ್ಟಿನಲ್ಲಿ ಜಾಗಕ್ಕಾಗಿ ಗುದ್ದಾಡುತ್ತವೆ. ಆದ್ದರಿಂದ ಡೊಳ್ಳಿರುವ ಭಾಗದಲ್ಲಿ ಕಿಕ್ಕನ್ನು ನಿಲ್ಲಿಸುವುದೋ, ಬೇಸನ್ನು ಒಂದು ಅಷ್ಟಕ ಮೇಲೆ ನುಡಿಸುವುದೋ ಎಂದು ಸಂಯೋಜನೆಯ ಹಂತದಲ್ಲೇ ತೀರ್ಮಾನಿಸಬೇಕು. ‘ಎಲ್ಲವೂ ಇರಲಿ’ ಎಂದರೆ ಯಾವುದೂ ಕೇಳಿಸುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಅಲಕ್ಷ್ಯ ಬೇಡ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಪ್ರತಿ ಗಿಟಾರ್ ಟ್ರ್ಯಾಕಿನಲ್ಲೂ ಗುಂಯ್ ಎಂಬ ಸದ್ದು ಕೂರುತ್ತದೆ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುವುದೂ ಉಂಟು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಸದ್ದು ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ತೆಗೆಯುವುದು ಪ್ರಾಣಾಪಾಯದ ಕೆಲಸ. ಸ್ಕ್ವೇರ್ ವೇವ್ ಇನ್ವರ್ಟರಿನಿಂದಲೂ ಇಂಥದೇ ಗುಂಯ್ ಬರುವುದರಿಂದ ಕರೆಂಟು ಹೋದಾಗಿನ ಕೆಲಸಕ್ಕೆ ಸೈನ್ ವೇವ್ ಇನ್ವರ್ಟರನ್ನೇ ಬಳಸಬೇಕು.

ವಾದ್ಯಗಳ ತೇವದ ಬಗ್ಗೆಯೂ ಒಂದು ಮಾತು. ಅಕೌಸ್ಟಿಕ್ ಗಿಟಾರಿಗೆ ಹಿತವಾದದ್ದು ಶೇಕಡ 45ರಿಂದ 55ರ ಆರ್ದ್ರತೆ. ನಮ್ಮ ಮಳೆಗಾಲದಲ್ಲಿ ಅದು ಎಂಬತ್ತನ್ನು ಸುಲಭವಾಗಿ ದಾಟುತ್ತದೆ, ಮುಂಭಾಗದ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ, ಕಂಡೆನ್ಸರ್ ಮೈಕುಗಳು ಚಟಪಟ ಎನ್ನುತ್ತವೆ. ಗಟ್ಟಿಯಾಗಿ ಮುಚ್ಚುವ ಕೇಸಿನಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಅವನ್ನು ಆಗಾಗ ಬಿಸಿಮಾಡಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಗಿಟಾರನ್ನು ಅಲ್ಲಿಡುವ ಸಲಹೆ ಮನೆಯವರಿಂದ ಬಂದೇ ಬರುತ್ತದೆ, ವಿನಯದಿಂದ ನಿರಾಕರಿಸಿ. ಧ್ವನಿಮುದ್ರಣಕ್ಕೆ ಮುನ್ನಾದಿನ ಹೊಸ ತಂತಿ ಹಾಕಿ.

ಪ್ರತಿದಿನದ ಕೆಲಸವನ್ನು ಅಂದೇ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಬೇಕು. ಹಳ್ಳಿಯ ಇಂಟರ್‌ನೆಟ್ಟಿನಲ್ಲಿ ದೊಡ್ಡ ಕಡತಗಳು ಹೋಗದಿದ್ದರೆ, ಕೇಳಲು ಎಂಪಿ3 ಕಳಿಸಿ, ಮೂಲ ಕಡತಗಳನ್ನು ಭಾನುವಾರ ರಾತ್ರಿ ಬೆಂಗಳೂರಿಗೆ ಮರಳುವ ಸದಸ್ಯನ ಕೈಯಲ್ಲೇ ಕೊಟ್ಟುಕಳಿಸುವುದು ಎಲ್ಲಕ್ಕಿಂತ ವೇಗದ ಮಾರ್ಗ.

ಮಿಕ್ಸಿಂಗ್, ಮಾಸ್ಟರಿಂಗ್

ಈ ಹಂತದಲ್ಲಿ ಬ್ಯಾಂಡಿನ ಕೆಲಸ ಕಡಿಮೆ. ಎಲ್ಲ ಟ್ರ್ಯಾಕುಗಳೂ ಒಂದೇ ಆರಂಭಬಿಂದುವಿನಿಂದ ಶುರುವಾಗುವ ವೇವ್ ಕಡತಗಳಾಗಿ, ಅರ್ಥವಾಗುವ ಹೆಸರುಗಳೊಂದಿಗೆ ಎಂಜಿನಿಯರಿಗೆ ತಲುಪಬೇಕು. ಅಭಿಪ್ರಾಯಗಳನ್ನು ಒಬ್ಬರೇ ಸಂಗ್ರಹಿಸಿ ಒಂದೇ ಪತ್ರದಲ್ಲಿ ಕಳಿಸಬೇಕು. ನಾಲ್ವರೂ ಬೇರೆಬೇರೆಯಾಗಿ ವಾಟ್ಸ್ಆ್ಯಪ್ ಸಂದೇಶ ಕಳಿಸಿದರೆ ಪ್ರತಿಯೊಬ್ಬನೂ ತನ್ನ ವಾದ್ಯವನ್ನು ಜೋರುಮಾಡಲು ಕೇಳಿರುತ್ತಾನೆ. ಸ್ಪಾಟಿಫೈ ಮತ್ತು ಯೂಟ್ಯೂಬ್ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಗ್ಗಿಸಿ ಕೇಳಿಸುತ್ತವೆ. ಇದರರ್ಥ ಮಾಸ್ಟರನ್ನು ಕಡ್ಡಾಯವಾಗಿ ಅಷ್ಟಕ್ಕೇ ಮಾಡಬೇಕೆಂದಲ್ಲ, ಅತಿಯಾಗಿ ಹಿಂಡಿ ಜೋರುಮಾಡಿದ್ದರಿಂದ ಲಾಭವಿಲ್ಲವೆಂದು. ಗರಿಷ್ಠ ಮಟ್ಟ ಮೈನಸ್ ಒಂದು ಡೆಸಿಬೆಲ್ ಮೀರದಿದ್ದರೆ ಎಂಪಿ3ಯಂಥ ರೂಪಗಳಿಗೆ ಬದಲಾಗುವಾಗ ಒಡಕು ದನಿ ಬರುವುದಿಲ್ಲ.

ಬಿಡುಗಡೆ

ಎರಡನೆಯ ಆಲ್ಬಮ್ಮಿಗೆ ಮಾತ್ರ ಇರುವ ಅಪಾಯವೊಂದಿದೆ. ವಿತರಕರಿಗೆ ಕಡತ ಏರಿಸುವಾಗ ಬ್ಯಾಂಡಿನ ಹೆಸರಿನ ಕಾಗುಣಿತ ಸ್ವಲ್ಪ ಬದಲಾದರೂ, ಅಥವಾ ಮೊದಲ ಬಾರಿಗಿಂತ ಬೇರೆ ವಿತರಕರನ್ನು ಹಿಡಿದಿದ್ದರೂ, ಹೊಸ ಹಾಡುಗಳು ಬೇರೊಂದು ಪುಟಕ್ಕೆ ಹೋಗಿ ಸೇರಿ, ಹಳೆಯ ಕೇಳುಗರಿಗೆ ಸುದ್ದಿಯೇ ತಲುಪದೆ ಹೋಗಬಹುದು. ಆದ್ದರಿಂದ ಹಳೆಯ ಕಲಾವಿದ ಪುಟದ ಕೊಂಡಿಯನ್ನೇ ಅರ್ಜಿಯಲ್ಲಿ ಕೊಡಬೇಕು. ಪ್ರತಿ ಧ್ವನಿಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರಾಂಕಗಳ ಸಂಕೇತವಿರುತ್ತದೆ. ಜನವರಿಯಲ್ಲಿ ಒಂಟಿಯಾಗಿ ಬಂದ ಹಾಡು ಫೆಬ್ರವರಿಯ ಆಲ್ಬಮ್‌ನಲ್ಲಿ ಸೇರುವಾಗ ಅದೇ ಸಂಕೇತವನ್ನು ಕೊಟ್ಟರೆ ಮಾತ್ರ ಅದುವರೆಗಿನ ಕೇಳುಗರ ಎಣಿಕೆ ಮುಂದುವರಿಯುತ್ತದೆ. ಮುಖಪುಟದ ಚಿತ್ರ 3000 ಚುಕ್ಕಿ (ಪಿಕ್ಸೆಲ್) ಅಗಲ, ಅಷ್ಟೇ ಎತ್ತರದ ಚೌಕವಾಗಿರಲಿ. ಭಾಷೆಯ ಅಂಕಣದಲ್ಲಿ ಕನ್ನಡ ಎಂದೇ ಆರಿಸಿ.

ಸ್ಪಾಟಿಫೈಯ ಸಂಪಾದಕರಿಗೆ ಹಾಡನ್ನು ಸೂಚಿಸುವ ಅವಕಾಶ ಬಿಡುಗಡೆಯಾಗದ ಹಾಡಿಗೆ ಮಾತ್ರ, ಒಂದು ಸಲಕ್ಕೆ ಒಂದೇ ಹಾಡು. ಕನಿಷ್ಠ ಏಳು ದಿನ ಮುಂಚೆ ಸೂಚಿಸಿದರೆ ನಿಮ್ಮನ್ನು ಅನುಸರಿಸುವವರ ವಾರದ ಪಟ್ಟಿಯಲ್ಲಿ ಆ ಹಾಡು ಕಾಣಿಸಿಕೊಳ್ಳುತ್ತದೆ; ಮೂರು ವಾರ ಮುಂಚೆ ಕಡತಗಳನ್ನು ಏರಿಸಿಟ್ಟರೆ ಅವಸರವಿರುವುದಿಲ್ಲ. ಎಂಟೂ ಹಾಡುಗಳನ್ನು ಒಂದೇ ದಿನ ಸುರಿಯುವುದಕ್ಕಿಂತ ಎರಡು ಹಾಡುಗಳನ್ನು ಮೂರು ವಾರಗಳ ಅಂತರದಲ್ಲಿ ಮೊದಲು ಬಿಟ್ಟು ಅನಂತರ ಆಲ್ಬಮ್ ತರುವುದು ಇದೇ ಕಾರಣಕ್ಕೆ ಮೇಲು. 2024ರಿಂದ ಸ್ಪಾಟಿಫೈಯಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಹಣ ಬರುವುದಿಲ್ಲವಾದ್ದರಿಂದ, ಬರುವ ಕೇಳುಗರು ಮೂರು ನಾಲ್ಕು ಹಾಡುಗಳಲ್ಲಿ ಕೂಡಿಕೊಳ್ಳುವಂತೆ ನೋಡಿಕೊಳ್ಳುವುದು ಹಣದ ದೃಷ್ಟಿಯಿಂದಲೂ ಸರಿ. ಸಿಡಿ ಮಾಡಿಸುವ ಖರ್ಚನ್ನು ನಾನು ಒಪ್ಪುವುದಿಲ್ಲ, ನುಡಿಸುವ ಯಂತ್ರವೇ ಯಾರ ಮನೆಯಲ್ಲೂ ಇಲ್ಲ. ಬದಲಿಗೆ ಎಂಟು ಹಾಡುಗಳ ಸಾಹಿತ್ಯವಿರುವ ಚಿಕ್ಕ ಪುಸ್ತಿಕೆಯನ್ನು ಊರಿನ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿ, ಹಿಂಬದಿಗೆ ಕ್ಯೂಆರ್ ಸಂಕೇತ ಹಾಕಿ ಮಾರಿದರೆ ಜನ ಕೊಳ್ಳುತ್ತಾರೆ.

ಬಿಡುಗಡೆಯ ಕಾರ್ಯಕ್ರಮವನ್ನು ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಒಳಾಂಗಣದಲ್ಲಿ ಮಾಡುವುದಾದರೆ ಡಿಸೆಂಬರಿನಲ್ಲೇ ದಿನ ಕಾಯ್ದಿರಿಸಿ. ಬಯಲಿನಲ್ಲಾದರೆ ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, ರಾತ್ರಿ ಹತ್ತರ ನಂತರ ಬಳಸುವಂತಿಲ್ಲ. ಆರೂವರೆಗೆ ಮೊದಲ ಹಾಡು ಶುರುವಾಗಬೇಕಾದರೆ ಮಧ್ಯಾಹ್ನ ಮೂರಕ್ಕೇ ಸೌಂಡ್ ಚೆಕ್ ಆರಂಭವಾಗಬೇಕು. ನಮ್ಮ ಕಡೆಯ ಸೌಂಡ್ ಸಿಸ್ಟಮ್ಮಿನವರು ಆರ್ಕೆಸ್ಟ್ರಾಗಳಲ್ಲಿ ಗಾಯಕರ ದನಿಯನ್ನು ಬಹಳ ಮುಂದೆ ತರುವ ರೂಢಿಯವರು. ಡ್ರಮ್ಸ್‌ಗೆ ಎಷ್ಟು ಮೈಕು, ಯಾರಿಗೆ ಯಾವ ಮಾನಿಟರ್ (ನುಡಿಸುವವರಿಗೆ ಕೇಳಲೆಂದು ವೇದಿಕೆಯ ಮೇಲಿಡುವ ಸ್ಪೀಕರ್), ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ನಕ್ಷೆಯನ್ನು ಒಂದು ವಾರ ಮುಂಚೆ ಅವರ ಕೈಗೆ ಕೊಟ್ಟು, ನಿಮ್ಮ ಹೊಸ ಹಾಡುಗಳನ್ನು ಒಮ್ಮೆ ಕೇಳಿಸಿದರೆ ಬಹಳ ಮುತುವರ್ಜಿಯಿಂದ ಕೆಲಸ ಮಾಡಿಕೊಡುತ್ತಾರೆ.

ಸ್ಟ್ರೀಮಿಂಗಿನ ಲೆಕ್ಕಪತ್ರಗಳು ಎರಡು ಮೂರು ತಿಂಗಳು ತಡವಾಗಿ ಬರುತ್ತವೆ. ಮೊದಲ ಲೆಕ್ಕ ಬಂದಾಗ ಅದನ್ನು ಎಲ್ಲ ಸದಸ್ಯರಿಗೂ ಅದೇ ದಿನ ಕಳಿಸಿ, ಧ್ವನಿಮುದ್ರಣ ಮತ್ತು ಮಿಕ್ಸಿಂಗಿಗೆ ಯಾರು ಎಷ್ಟು ಹಾಕಿದ್ದರೋ ಅದನ್ನು ಮೊದಲು ತೀರಿಸಿ, ಉಳಿದದ್ದನ್ನು ಸೆಪ್ಟೆಂಬರಿನಲ್ಲಿ ಸಹಿ ಹಾಕಿದ ಹಾಳೆಯಂತೆ ಹಂಚಬೇಕು.